ಸ್ಕಾಟ್ಸ್‌ಬರೊ ಮತ್ತು ನಲ್ಲಗೊಂಡ

1951ನೆಯ ಇಸವಿ ಮಾರ್ಚ್ 16ರಂದು ಸುಪ್ರೀಂ ಕೋರ್ಟು ಜನಾರ್ದನ ರೆಡ್ಡಿ ಮತ್ತಿತರರಿಗೂ ಹೈದರಾಬಾದು ರಾಜ್ಯಕ್ಕೂ ನಡೆದ ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತು. ನಲ್ಲಗೊಂಡೆಯ ವಿಶೇಷ ನ್ಯಾಯಮಂಡಲಿಯು 1949ರಲ್ಲಿ ಮರಣದಂಡನೆ ವಿಧಿಸಿದ್ದ ತೆಲಂಗಾಣದ ರೈತರ ಪರವಾಗಿ ಲಂಡನ್ನಿನ ಬ್ಯಾರಿಸ್ಟರ್ ಡಿ. ಎನ್. ಪ್ರಿಟ್ ವಾದಿಸಿದರು. ವಿಚಾರಣೆಯ ಕಾಲದಲ್ಲಿ ವಕೀಲರ ನೆರವು ದೊರೆಯಲಿಲ್ಲವೆಂಬುದು ಮುಖ್ಯ ಆಕ್ಷೇಪ. ಇದಕ್ಕೆ ಆಧಾರವಾಗಿ ಎತ್ತಿದ್ದು ಅಮೆರಿಕದ ಪೊವೆಲ್ ಮೊಕದ್ದಮೆ. ಅದರ ಹಿನ್ನೆಲೆಯನ್ನು ತಿಳಿಯದೆ ಈ ವಾದದ ತೂಕ ತಿಳಿಯದು.

1931ರ ಮಾರ್ಚ್ 25ರಂದು ಅಲಬಾಮ ಪ್ರಾಂತದಲ್ಲಿ ಗೂಡ್ಸ್ ರೈಲೊಂದರಿಂದ ಒಂಬತ್ತು ಮಂದಿ ಕಪ್ಪು ಜನಾಂಗದ ಹುಡುಗರನ್ನು ಇಳಿಸಿ ಬಂಧಿಸಲಾಯಿತು. ಅವರು ತಮ್ಮ ಮೇಲೆ ಬಲಾತ್ಕಾರ ಮಾಡಿದರೆಂದು ಇಬ್ಬರು ಬಿಳಿಯ ಸ್ತ್ರೀಯರು ದೂರಿದರು. ಅಂದೇ ಪರೀಕ್ಷಿಸಿದ ವೈದ್ಯರಿಗೆ ಅಂಥ ಘೋರಕೃತ್ಯಕ್ಕೆ ತಕ್ಕ ಗುರುತುಗಳು ಕಾಣಲಿಲ್ಲ. ಆದರೆ ಸ್ಕಾಟ್ಸ್‌ಬರೊ ಊರಿನಲ್ಲಿ ನೆರೆದ ಜನಸ್ತೋಮಕ್ಕೆ ವೈದ್ಯರ ಮಾತು ಬೇಕಿರಲಿಲ್ಲ. ಕೈದಿಗಳನ್ನು ಕಾಯಲು ಸೈನಿಕರೇ ಬರಬೇಕಾಯಿತು. ಏಪ್ರಿಲ್ 6ರಂದು ಮೊದಲಾದ ವಿಚಾರಣೆ ನಾಲ್ಕೇ ದಿನಗಳಲ್ಲಿ ಮುಗಿದು ಎಂಟು ಮಂದಿಗೆ ಮರಣದಂಡನೆಯಾಯಿತು. ಅವರಿಗಾಗಿ ನಿಂತ ವಕೀಲರು ಇಬ್ಬರು: ಒಬ್ಬರು ಪಕ್ಕದ ಟೆನೆಸಿಯವರು, ತಮಗೆ ಸಿದ್ಧತೆಯಿಲ್ಲವೆಂದು ತಾವೇ ಒಪ್ಪಿದವರು, ಇನ್ನೊಬ್ಬರು ವಯೋವೃದ್ಧರು. ಇದನ್ನು ವಕೀಲರ ನೆರವು ಎನ್ನುವುದು ಶಬ್ದಕ್ಕೆ ಮಾಡಿದ ಅಪಚಾರ. 1932ರ ನವೆಂಬರ್ 7ರಂದು ಅಮೆರಿಕದ ಸುಪ್ರೀಂ ಕೋರ್ಟು ಈ ಶಿಕ್ಷೆಗಳನ್ನು ರದ್ದುಪಡಿಸಿ, ಪ್ರಾಣದಂಡನೆಗೆ ಅರ್ಹವಾದ ಮೊಕದ್ದಮೆಯಲ್ಲಿ ನಿರ್ಗತಿಕನೂ ಅನಕ್ಷರಸ್ಥನೂ ಆದ ಆರೋಪಿಗೆ ವಕೀಲರನ್ನು ಒದಗಿಸುವುದು ನ್ಯಾಯಾಲಯದ ಕರ್ತವ್ಯವೆಂದಿತು. ಮರುವರ್ಷ ದೂರಿದವರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ತನ್ನ ಹೇಳಿಕೆ ಸುಳ್ಳೆಂದು ಒಪ್ಪಿಕೊಂಡಳು. ಹಾಗಿದ್ದೂ ಜ್ಯೂರಿಯವರು ಮತ್ತೆ ಮತ್ತೆ ಅಪರಾಧಿಗಳೆಂದೇ ನಿರ್ಣಯಿಸಿದರು. ಉಳಿದಿದ್ದ ಕೊನೆಯ ಮೂವರಿಗೆ ಮರಣೋತ್ತರ ಕ್ಷಮಾದಾನ ದೊರೆತದ್ದು 2013ರಲ್ಲಿ.

ತೆಲಂಗಾಣದ ಆರೋಪಿಗಳ ನಿರ್ದೋಷವನ್ನು ಈ ಹೋಲಿಕೆಯಿಂದ ಸಾಧಿಸಲಾಗದು. ಹೋಲಿಕೆಯಿರುವುದು ವಿಚಾರಣೆಯ ರೀತಿಯಲ್ಲಿ. ಅಲ್ಲಿ ಬಣ್ಣ ಮಾಡಿದ ಕೆಲಸವನ್ನು 1948ರ ಪೊಲೀಸು ಕಾರ್ಯಾಚರಣೆಯ ತರುವಾಯ ಇಲ್ಲಿ ಕಮ್ಯೂನಿಸ್ಟನೆಂಬ ಹೆಸರು ಮಾಡುತ್ತಿತ್ತು. ನ್ಯಾಯಮಂಡಲಿಯಾದರೋ ಮಿಲಿಟರಿ ಆಡಳಿತದ ನಿಯಮದಿಂದ ಹುಟ್ಟಿದ್ದು. ಹೈಕೋರ್ಟು 1949ರ ಡಿಸೆಂಬರಿನಲ್ಲಿ ಅಪೀಲುಗಳನ್ನು ವಜಾ ಮಾಡಿತು. ಮರುತಿಂಗಳು 26ರಂದು ಸಂವಿಧಾನ ಜಾರಿಗೆ ಬಂದು, ಹೈಕೋರ್ಟಿನ ಮೇಲಿದ್ದ ನಿಜಾಮರ ಜ್ಯುಡಿಷಿಯಲ್ ಕಮಿಟಿ ಇಲ್ಲವಾಯಿತು. ಅದಕ್ಕೆ ಹಿಂದಿನ ತೀರ್ಪುಗಳ ಮೇಲೆ ಅಪೀಲು ಕೇಳುವ ಅಧಿಕಾರ ತನಗಿಲ್ಲವೆಂದು ಸುಪ್ರೀಂ ಕೋರ್ಟು 1950ರ ಡಿಸೆಂಬರಿನಲ್ಲಿ ಹೇಳಿತು. ರಾಯಚೂರು, ಗುಲ್ಬರ್ಗ, ಬೀದರಗಳ ಕನ್ನಡಿಗರಿಗೂ ಅಂದು ಅದೇ ಹೈಕೋರ್ಟು ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನುಳಿದದ್ದು ರಿಟ್ ಅರ್ಜಿ. ವಕೀಲರನ್ನು ಒದಗಿಸಲು ನ್ಯಾಯಮಂಡಲಿಯು ಮುಂದಾಗಬೇಕಿತ್ತೆಂದು ನ್ಯಾಯಮೂರ್ತಿಗಳು ಒಪ್ಪಿದರು. ಆದರೆ ಅಷ್ಟರಿಂದಲೇ ವಿಚಾರಣೆಯು ಶೂನ್ಯವಾಗದು, ಅಂಥ ದೋಷ ಅಪೀಲಿನಲ್ಲಿ ನೋಡತಕ್ಕದ್ದು ಎಂದರು. ಅಪೀಲಿನ ಬಾಗಿಲಾದರೋ ಮೂರು ತಿಂಗಳ ಹಿಂದೆಯೇ ಮುಚ್ಚಿತ್ತು. ಪೊವೆಲ್ ತೀರ್ಪು ಅಮೆರಿಕದ ಸಂವಿಧಾನಕ್ಕೆ ಸೇರಿದ್ದೆಂದು ಬದಿಗೆ ಸರಿಯಿತು.

ಮುಂದೆ ಗಲ್ಲು ತಪ್ಪಿ ಜೀವಾವಧಿ ಶಿಕ್ಷೆಯಾಯಿತು, ಮರುವಿಚಾರಣೆ ನಡೆಯಲಿಲ್ಲ. ಬಡ ಆರೋಪಿಗೆ ವಕೀಲರ ನೆರವು ಸಂವಿಧಾನದ 21ನೆಯ ವಿಧಿಯಲ್ಲೇ ಅಡಕವಾಗಿದೆಯೆಂದು ಸುಪ್ರೀಂ ಕೋರ್ಟು ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ಸಾರಿದ್ದು 1979ರಲ್ಲಿ.