ಮೊರಸುನಾಡಿನ ಬೆರಳು ಕಾಣಿಕೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಸೀಮೆಯು ಪೂರ್ವದಲ್ಲಿ ಮೊರಸುನಾಡೆನಿಸಿದ್ದಿತು. ಈ ನಾಡಿನ ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಹಿರಿಯ ಮಗಳ ಕಿವಿ ಚುಚ್ಚಿಸುವ ಮುನ್ನ ತಾಯಿಯು ತನ್ನ ಉಂಗುರದ ಬೆರಳು, ಕಿರುಬೆರಳುಗಳ ತುದಿಗೆಣ್ಣುಗಳನ್ನು ಕಡಿಸಿಕೊಳ್ಳುತ್ತಿದ್ದಳೆಂದು 1810ರಲ್ಲಿ ಅಚ್ಚಾಗತೊಡಗಿದ ವಿಲ್ಕ್ಸನ ಮೈಸೂರು ಚರಿತ್ರೆಯಿಂದ ತಿಳಿದುಬರುತ್ತದೆ.

ಇದಕ್ಕೊಂದು ಐತಿಹ್ಯವುಂಟು. ಅಸುರನಿಗೆ ಅಂಜಿ ಅಡಗಿದ್ದ ಶಿವನನ್ನು ಒಕ್ಕಲಿಗನೊಬ್ಬನು, ಬಾಯಿಂದ ಕಾಣೆನೆನ್ನುತ್ತ, ಕಿರುಬೆರಳಿಂದ ತೋರಿಕೊಟ್ಟನು. ಅಸುರನು ಮಡಿದ ಬಳಿಕ ಶಿವನು ಆ ಬೆರಳನ್ನು ಕಡಿಯಹೊರಟನು. ಬುತ್ತಿ ತಂದಿದ್ದ ಹೆಂಡತಿಯು, ಗಂಡನ ಕೈ ಊನವಾದರೆ ಬೇಸಾಯವು ನಿಲ್ಲುವುದೆಂದು ಬೇಡಿ, ತನ್ನ ಎರಡು ಬೆರಳುಗಳನ್ನು ಒಪ್ಪಿಸಿದಳು.

ಆದರೆ ಗಂಡನ ತಪ್ಪಿಗೆ ತೆತ್ತ ದಂಡವು ಮಗಳ ಕಿವಿ ಚುಚ್ಚುವಾಗಲೇ ಏಕೆ ಸಲ್ಲಬೇಕು? ಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ. ಆದುದರಿಂದ ಆಚಾರವು ಮೊದಲಿನದು, ಕಥೆಯು ಅನಂತರದ್ದೆಂದು ಊಹಿಸಬಹುದು. ಮಗುವಿನ ಕ್ಷೇಮಕ್ಕಾಗಿ ಇಡಿಗೆ ಬದಲಾಗಿ ಬಿಡಿಯನ್ನು ತೆರುವುದೇ ಇದರ ತಿರುಳೆಂದು ನಮಗೆ ತೋರುತ್ತದೆ. 19ನೆಯ ಶತಮಾನದಲ್ಲಿ ಸರ್ಕಾರವು ಬೆರಳು ಕಡಿಯುವುದನ್ನು ನಿಷೇಧಿಸಿದ ಮೇಲೆ, ಕೆಲವರು ಚಿನ್ನದ ಅಥವಾ ಬೆಳ್ಳಿಯ ಕವಚವನ್ನು ಬೆರಳಿಗೆ ತೊಡಿಸಿ, ಬೆರಳಿನ ಬದಲು ಅದನ್ನೇ ಕಳಚಿದರು. ಬದಲಿಗೆ ಬದಲಿಯು ಸಲ್ಲುವುದೆಂಬ ನಂಬಿಕೆಯಿಲ್ಲದಿದ್ದರೆ ಇದು ನಡೆಯುತ್ತಿರಲಿಲ್ಲ.

ಯೆಹೂದ್ಯರಲ್ಲಿಯೂ ತಾಯಿಯ ಚೊಚ್ಚಲ ಗಂಡುಮಗುವು ದೇವರ ಸೊತ್ತು. ಮೂವತ್ತು ದಿನಗಳು ಕಳೆದ ಮೇಲೆ ತಂದೆಯು ಪುರೋಹಿತ ವಂಶದವನಿಗೆ 5 ಬೆಳ್ಳಿಯ ನಾಣ್ಯಗಳನ್ನಿತ್ತು ಅದನ್ನು ಬಿಡಿಸಿಕೊಳ್ಳುವನು. ಐಗುಪ್ತದಲ್ಲಿ ತಮ್ಮ ಚೊಚ್ಚಲ ಮಕ್ಕಳು ಉಳಿದ ಕಥೆಯನ್ನು ಅವರ ಧರ್ಮಗ್ರಂಥವು ಇದಕ್ಕೆ ಕಾರಣವಾಗಿ ಹೇಳುತ್ತದೆ. ಈ ಎರಡು ಆಚಾರಗಳಿಗೆ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಮಗುವಿಗಾಗಿ ಬದಲಿ ತೆರುವ ಭಾವವೊಂದೇ ಸಮಾನವಾದುದು. ಅಲ್ಲಿ ತಂದೆಯು ಹಣವನ್ನಿತ್ತನು. ಇಲ್ಲಿ ತಾಯಿಯು ತನ್ನ ಕೈಯನ್ನೇ ನೀಡಿದಳು.