ಭಾರತದ ಮೊದಲ ಪ್ರನಾಳ ಶಿಶು: ಎರಡು ಉತ್ತರಗಳ ಕಥೆ

ನಮ್ಮ ಮಹಿಳಾ ವೇದಿಕೆಯಲ್ಲಿ ಬಂಜೆತನದ ಚಿಕಿತ್ಸೆಯ ಬಗ್ಗೆ ತಜ್ಞ ವೈದ್ಯೆಯರ ಜೊತೆ ಮಾತುಕತೆ ಇಟ್ಟುಕೊಂಡಾಗ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಹೆಸರು ಹಾಕುವುದು ಬೇಡ ಎಂದು ಹೇಳಿದ್ದೆವು. ಕೈ ಎತ್ತಿ ಕೇಳಿದವರು ಇಬ್ಬರೇ. ಚೀಟಿಗಳು ಮಾತ್ರ ಡಬ್ಬಿ ತುಂಬ ಬಂದವು. ಅವನ್ನು ಬಿಡಿಸಿ ಓದಿ ಹೇಳುವ ಕೆಲಸ ನನ್ನದು. "ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕಾದದ್ದು ಹೆಂಡತಿಯೋ ಗಂಡನೋ?" ಎಂಬ ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ನಾಲ್ಕು ಸಲ ಬಂತು. ಇಬ್ಬರೂ ಒಟ್ಟಿಗೇ ಮಾಡಿಸಿಕೊಳ್ಳಬೇಕು, ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಅದನ್ನೇ ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ ಎಂದು ವೈದ್ಯೆ ನಗುತ್ತಲೇ ಹೇಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ.

ಆ ಡಬ್ಬಿಯಲ್ಲಿ ಇನ್ನೊಂದು ಚೀಟಿ ಇತ್ತು: "ಭಾರತದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಹುಟ್ಟಿದ್ದು ಎಲ್ಲಿ?" ವೇದಿಕೆಯ ಮೇಲಿದ್ದ ಒಬ್ಬರು ಮುಂಬೈ, 1986 ಎಂದರು. ಮತ್ತೊಬ್ಬರು ತಡೆದು ಕೋಲ್ಕತ್ತ, 1978 ಎಂದರು. ಸಮಯ ಮೀರಿತ್ತು, ಚಹಾ ಬಂತು, ಚರ್ಚೆ ಅಲ್ಲಿಗೇ ನಿಂತಿತು. ನನಗೆ ಮಾತ್ರ ಅದು ತಲೆಯಿಂದ ಹೋಗಲಿಲ್ಲ. ಒಂದು ಪ್ರಶ್ನೆಗೆ ಎರಡು ಉತ್ತರ ಇರುವುದು ಹೇಗೆ ಎಂದು ಹುಡುಕಿ ಓದುತ್ತಾ ಹೋದಾಗ, ಆ ಚೀಟಿಗಳಲ್ಲಿ ಹೆಸರಿಲ್ಲದಿರುವುದಕ್ಕೂ ಈ ಎರಡು ಉತ್ತರಗಳಿಗೂ ನಂಟಿದೆ ಎಂದು ಅನಿಸತೊಡಗಿತು.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ದೇಹದ ಹೊರಗೆ ಅಂಡಾಣು ಮತ್ತು ವೀರ್ಯಾಣುಗಳನ್ನು ಸೇರಿಸಿ, ಬೆಳೆದ ಭ್ರೂಣವನ್ನು ತಾಯಿಯ ಗರ್ಭಕೋಶದಲ್ಲಿ ಇರಿಸಿ ಹುಟ್ಟಿಸಿದ ಜಗತ್ತಿನ ಮೊದಲ ಮಗು. ಅದಾಗಿ 70 ದಿನ ಕಳೆದಿರಲಿಲ್ಲವೋ ಕಳೆದಿತ್ತೋ ಎನ್ನುವಷ್ಟರಲ್ಲಿ, ಅಕ್ಟೋಬರ್ 3ರಂದು, ನವರಾತ್ರಿಯ ದಿನಗಳಲ್ಲಿ, ಕೋಲ್ಕತ್ತದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಪತ್ರಿಕೆಗಳಿಗೆ ಅದು 'ದುರ್ಗಾ' ಆಯಿತು. ಇದರ ಹಿಂದೆ ಇದ್ದವರು ಡಾ. ಸುಭಾಷ್ ಮುಖರ್ಜಿ. ಹಜಾರಿಬಾಗ್‌ನಲ್ಲಿ 1931ರಲ್ಲಿ ಹುಟ್ಟಿದವರು, ಕಲ್ಕತ್ತಾ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳಿಂದ ಎರಡು ಡಾಕ್ಟರೇಟ್ ಪಡೆದವರು. ಅವರ ಜೊತೆಗಿದ್ದವರು ಇಬ್ಬರೇ: ಶೀತಲೀಕರಣ ಬಲ್ಲ ಸುನಿತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ.

ಇವರು ಇಂಗ್ಲೆಂಡಿನವರನ್ನು ನೋಡಿ ಮಾಡಿದ್ದೇ ಎಂದರೆ, ಅಲ್ಲ. ದಾರಿಯೇ ಬೇರೆ. ಅಲ್ಲಿ ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ತಿಂಗಳ ಸಹಜ ಚಕ್ರದಲ್ಲಿ ಬಲಿಯುವ ಒಂದೇ ಅಂಡಾಣುವನ್ನು ಹೊಟ್ಟೆಯ ಮೂಲಕ ಲ್ಯಾಪರೋಸ್ಕೋಪ್ ಹಾಕಿ ತೆಗೆದರು, ಕೆಲವೇ ದಿನಗಳಲ್ಲಿ ಭ್ರೂಣವನ್ನು ಒಳಗಿಟ್ಟರು. ಮುಖರ್ಜಿ ಹಾರ್ಮೋನು ಚುಚ್ಚುಮದ್ದು ಕೊಟ್ಟು ಒಂದಕ್ಕಿಂತ ಹೆಚ್ಚು ಅಂಡಾಣು ಬಲಿಯುವಂತೆ ಮಾಡಿದರು. ಯೋನಿಮಾರ್ಗದಿಂದ ಅವನ್ನು ತೆಗೆದರು. ಭ್ರೂಣವನ್ನು ಕೂಡಲೇ ಒಳಗಿಡದೆ ಹೆಪ್ಪುಗಟ್ಟಿಸಿ 53 ದಿನ ಕಾಯ್ದಿಟ್ಟರು. ಹಾರ್ಮೋನಿನ ಹೊಡೆತದಿಂದ ಗರ್ಭಕೋಶ ಚೇತರಿಸಿಕೊಂಡು, ಮುಂದೆ ಬರುವ ಸಹಜ ಚಕ್ರದಲ್ಲಿ ಭ್ರೂಣ ಇಟ್ಟರೆ ಅದು ನೆಲೆಯೂರುವ ಸಾಧ್ಯತೆ ಹೆಚ್ಚು ಎಂಬುದು ಅವರ ತರ್ಕ. ಇವತ್ತು ಪುಣೆಯ ಯಾವ ಐವಿಎಫ್ ಕೇಂದ್ರಕ್ಕೆ ಹೋದರೂ ಹಾರ್ಮೋನು ಚುಚ್ಚುಮದ್ದು, ಯೋನಿಮಾರ್ಗದಿಂದ ಅಂಡಾಣು ತೆಗೆಯುವುದು, 'ಫ್ರೋಜನ್ ಟ್ರಾನ್ಸ್‌ಫರ್' ಎಂಬ ಮೂರು ಮಾತುಗಳನ್ನು ಮೊದಲ ಭೇಟಿಯಲ್ಲೇ ಕೇಳುತ್ತೀರಿ. ಆಸ್ಟ್ರೇಲಿಯಾದವರು ಹೆಪ್ಪುಗಟ್ಟಿಸಿದ ಭ್ರೂಣದಿಂದ ಗರ್ಭ ನಿಂತಿದ್ದನ್ನು ಪ್ರಕಟಿಸಿದ್ದು 1983ರಲ್ಲಿ. ಕೋಲ್ಕತ್ತದ ಕೆಲಸ ಐದು ವರ್ಷ ಮುಂದಿತ್ತು.

ಆದರೆ ಯಾರೂ ನಂಬಲಿಲ್ಲ. ಪಶ್ಚಿಮ ಬಂಗಾಳ ಸರ್ಕಾರ 1978ರ ನವೆಂಬರಿನಲ್ಲಿ ತನಿಖಾ ಸಮಿತಿ ನೇಮಿಸಿತು. ಅದರ ಮುಖ್ಯಸ್ಥರು ರೇಡಿಯೋ ಭೌತಶಾಸ್ತ್ರದವರು. ಪ್ರನಾಳ ಶಿಶುವಿನ ಕೆಲಸ ಸ್ವತಃ ಮಾಡಿದವರು ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ದೇಶದಲ್ಲೇ ಇರಲಿಲ್ಲ ಎನ್ನಿ. (ನಮ್ಮ ಐಟಿ ಕಂಪನಿಗಳಲ್ಲಿ, ಆ ಭಾಷೆಯೇ ಗೊತ್ತಿಲ್ಲದವರಿಗೆ ಕೋಡ್ ರಿವ್ಯೂ ಕೊಟ್ಟರೆ ಏನಾಗುತ್ತದೆ ಎಂದು ನಮಗೆ ಗೊತ್ತು.) ಸಮಿತಿ ಇಡೀ ಕೆಲಸವನ್ನೇ ಸುಳ್ಳು ಎಂದಿತು. ಜಪಾನಿನ ಕ್ಯೋಟೋಗೆ ಹೋಗಿ ತಮ್ಮ ಕೆಲಸ ಮಂಡಿಸಲು ಬಂದ ಆಹ್ವಾನಕ್ಕೆ ಸರ್ಕಾರ ಅನುಮತಿ ಕೊಡಲಿಲ್ಲ. ವರ್ಗಾವಣೆಗಳು ಶುರುವಾದವು. ಕೊನೆಯದಾಗಿ, ಹಾರ್ಮೋನುಗಳಲ್ಲಿ ಜೀವ ಸವೆಸಿದ ಮನುಷ್ಯನನ್ನು 1981ರ ಜೂನಿನಲ್ಲಿ ಕಣ್ಣಿನ ಸಂಸ್ಥೆಗೆ ಹಾಕಿದರು. ಅದೇ ತಿಂಗಳ 19ರಂದು ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಐವತ್ತು ವರ್ಷ ವಯಸ್ಸು. ತಪನ್ ಸಿನ್ಹಾ ಅವರ 'ಏಕ್ ಡಾಕ್ಟರ್ ಕೀ ಮೌತ್' ಸಿನಿಮಾ ನೋಡಿದವರಿಗೆ ಈ ಬದುಕಿನ ನೆರಳು ಪರಿಚಯವಿರುತ್ತದೆ. ಅದರಲ್ಲಿ ರೋಗ ಮಾತ್ರ ಕುಷ್ಠ ಎಂದು ಬದಲಾಗಿದೆ.

ಸರ್ಕಾರವನ್ನು, ಹೊಟ್ಟೆಕಿಚ್ಚಿನ ಸಹೋದ್ಯೋಗಿಗಳನ್ನು ಬೈದು ಈ ಕಥೆಯನ್ನು ಮುಗಿಸುವುದೇ ರೂಢಿ. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಮುಖರ್ಜಿಯವರ ಬಳಿ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಇತ್ತು: ಆ ಮಗು, ಅದರ ತಾಯಿ, ತಂದೆ. ಆದರೆ ಆ ಸಂಪ್ರದಾಯಸ್ಥ ಕುಟುಂಬಕ್ಕೆ ವಿಷಯ ಹೊರಗೆ ಬರುವುದು ಬೇಕಿರಲಿಲ್ಲ. ಮಗು ಹೇಗೆ ಹುಟ್ಟಿತು ಎಂದರೆ ಜನ ಏನನ್ನುತ್ತಾರೋ, ನಾಳೆ ಹುಡುಗಿಯ ಮದುವೆ ಹೇಗೋ. ವೈದ್ಯರು ಆ ಗುಟ್ಟನ್ನು ಕಾಯ್ದರು, ತಮ್ಮ ಮರ್ಯಾದೆ ಹೋಗುವಾಗಲೂ ಕಾಯ್ದರು. ಆ ಮನೆಯವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಊರಿನಲ್ಲಿ ಉಡಿ ತುಂಬುವ ಕಾರ್ಯಕ್ಕೆ ನನ್ನ ಚಿಕ್ಕಮ್ಮನನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯದಿದ್ದುದಕ್ಕೆ ಆಕೆ ಎಂದೂ ಕಾರಣ ಕೇಳಲಿಲ್ಲ; ಆ ದಿನ ಬೆಳಿಗ್ಗೆಯೇ ತಲೆನೋವು ಎಂದು ಮಲಗಿಬಿಡುತ್ತಿದ್ದರು. ಕಾಕಾನ ತಪಾಸಣೆ ಆಗಿತ್ತೇ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. 1978ರ ಆ ದಂಪತಿಗೆ ಇದ್ದ ಅಂಜಿಕೆ ಇದೇ.

ಇನ್ನು ಎರಡನೇ ಉತ್ತರ. 1986ರ ಆಗಸ್ಟ್ 6ರಂದು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಎಂಬ ಮಗು ಹುಟ್ಟಿತು. ಡಾ. ಇಂದಿರಾ ಹಿಂದುಜಾ ಆಸ್ಪತ್ರೆಯ ಕಡೆಯವರು; ಪ್ರಯೋಗಾಲಯದ ಕಡೆಯಿಂದ ಡಾ. ಟಿ. ಸಿ. ಆನಂದ ಕುಮಾರ್, ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರು. ಕೆಲಸ ಅಚ್ಚುಕಟ್ಟು, ದಾಖಲೆ ಪಕ್ಕಾ. ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶವೇ ಸಂಭ್ರಮಿಸಿತು. ಎಲ್ಲ ಜನರಲ್ ನಾಲೆಜ್ ಪುಸ್ತಕಗಳಿಗೂ ಆ ತಾರೀಖು ಹೋಯಿತು.

ನಿವೃತ್ತಿಯ ನಂತರ ಆನಂದ ಕುಮಾರ್ ಬೆಂಗಳೂರಿಗೆ ಬಂದು ಹೋಪ್ ಎಂಬ ಬಂಜೆತನ ಚಿಕಿತ್ಸಾ ಕೇಂದ್ರ ನಡೆಸುತ್ತಿದ್ದರು. 1997ರಲ್ಲಿ ಕೋಲ್ಕತ್ತಕ್ಕೆ ಹೋದಾಗ ಸುಭಾಷ್ ಮುಖರ್ಜಿಯವರ ಕಾಗದಪತ್ರಗಳು ಅವರ ಕೈಗೆ ಬಂದವು. ಪತ್ನಿ ನಮಿತಾ ಅವನ್ನು ಹದಿನಾರು ವರ್ಷ ಜೋಪಾನ ಮಾಡಿ ಇಟ್ಟಿದ್ದರು. ಕೈಬರಹದ ಟಿಪ್ಪಣಿಗಳು, ಸರ್ಕಾರಕ್ಕೆ ಬರೆದ ವರದಿ, 'ಇಂಡಿಯನ್ ಜರ್ನಲ್ ಆಫ್ ಕ್ರಯೋಜೆನಿಕ್ಸ್'ನಲ್ಲಿ 1978ರಲ್ಲಿ ಬಂದಿದ್ದ ಚಿಕ್ಕ ಬರಹ. ಗಂಡ ಬರೆದಿಟ್ಟದ್ದನ್ನು ಒಂದು ದಿನ ಯಾರಾದರೂ ಓದಿಯಾರು ಎಂದು ಕಾದ ಆ ಹೆಣ್ಣುಮಗಳ ಬಗ್ಗೆ ಈ ಕಥೆ ಹೇಳುವವರು ಒಂದು ವಾಕ್ಯಕ್ಕಿಂತ ಹೆಚ್ಚು ಬರೆಯುವುದಿಲ್ಲ; ನನಗೂ ಅದಕ್ಕಿಂತ ಹೆಚ್ಚು ಸಿಗಲಿಲ್ಲ ಎಂಬುದು ಬೇಜಾರಿನ ಸಂಗತಿ.

ಆನಂದ ಕುಮಾರ್ ಕೂತು ಓದಿದರು. ಆ ಟಿಪ್ಪಣಿಗಳನ್ನು ತೂಗಿ ನೋಡಲು ಬೇಕಾದ ಅನುಭವ ದೇಶದಲ್ಲಿ ಕೆಲವರಿಗೇ ಇತ್ತು; ಅವರಲ್ಲಿ ಇವರೊಬ್ಬರು. ಕಾಗದಗಳು ನಿಜವಾದರೆ ಕಳೆದುಕೊಳ್ಳುವುದು ಎಲ್ಲರಿಗಿಂತ ಹೆಚ್ಚು ಇದ್ದವರೂ ಇವರೇ. ಅದೇ ವರ್ಷ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು ಲೇಖನ ಬರೆದರು: ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಸುಭಾಷ್ ಮುಖರ್ಜಿ. ಹನ್ನೊಂದು ವರ್ಷ ತಮ್ಮ ತಂಡದ ಹೆಸರಿಗಿದ್ದ 'ಮೊದಲು' ಎಂಬ ಪದವನ್ನು ತಾವೇ ಬಿಟ್ಟುಕೊಟ್ಟರು. ಅಲ್ಲಿಂದಾಚೆ ಹರ್ಷಾಳನ್ನು, ವೈಜ್ಞಾನಿಕವಾಗಿ ದಾಖಲಾದ ಮೊದಲ ಪ್ರನಾಳ ಶಿಶು ಎಂದು ಕರೆಯುವುದು ಬಳಕೆಗೆ ಬಂತು. ವೇದಿಕೆಯಲ್ಲಿ ನಮ್ಮ ಇಬ್ಬರು ವೈದ್ಯೆಯರು ಹೇಳಿದ ಎರಡು ಉತ್ತರಗಳೂ ಉಳಿದದ್ದು ಹೀಗೆ. ದುರ್ಗಾ ತಾನೇ ಮುಂದೆ ಬಂದು ತನ್ನ ಗುರುತು ಹೇಳಿಕೊಂಡದ್ದು 25 ತುಂಬಿದ ಹುಟ್ಟುಹಬ್ಬದ ಹೊತ್ತಿಗೆ, 2003ರಲ್ಲಿ.

ಇಂಥದ್ದು ಇಲ್ಲಿ ಮಾತ್ರ ಎಂದುಕೊಳ್ಳಬೇಡಿ. ಓಲ್ಡ್‌ಹ್ಯಾಮ್‌ನಲ್ಲಿ ಇದ್ದವರು ಇಬ್ಬರಲ್ಲ, ಮೂವರು. ನರ್ಸ್ ಆಗಿದ್ದು ಭ್ರೂಣತಜ್ಞೆಯಾದ ಜೀನ್ ಪರ್ಡಿ ಮೂರನೆಯವರು. ಲೂಯಿಸ್ ಆಗಲಿದ್ದ ಭ್ರೂಣದ ಕೋಶಗಳು ವಿಭಜನೆಯಾಗುತ್ತಿರುವುದನ್ನು ಮೊದಲು ಕಂಡವರು. ಆಸ್ಪತ್ರೆಯ ಫಲಕದಲ್ಲಿ ಅವರ ಹೆಸರೂ ಇರಲಿ ಎಂದು ಎಡ್ವರ್ಡ್ಸ್ ಮತ್ತೆ ಮತ್ತೆ ಪತ್ರ ಬರೆದಿದ್ದರು, ಹಾಕಲಿಲ್ಲ. ಆ ಪತ್ರಗಳು ಜನರ ಕಣ್ಣಿಗೆ ಬಿದ್ದದ್ದು 2019ರಲ್ಲಿ. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂತು. ಪರ್ಡಿ 39ರ ವಯಸ್ಸಿನಲ್ಲಿ, 1985ರಲ್ಲೇ ತೀರಿಕೊಂಡಿದ್ದರು.

ನಮ್ಮ ಪುಣೆಗೆ ಬರುತ್ತೇನೆ. 2017ರ ಮೇ 18ರಂದು ಇಲ್ಲಿನ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ಮತ್ತು ತಂಡ ಭಾರತದ ಮೊದಲ ಗರ್ಭಕೋಶ ಕಸಿ ಮಾಡಿತು. ಗರ್ಭಕೋಶವೇ ಇಲ್ಲದೆ ಹುಟ್ಟಿದ್ದ 21ರ ಹುಡುಗಿ, ಸೊಲ್ಲಾಪುರದವಳು. ಕನ್ನಡ ಮನೆಮಾತಿನವರು ಬೇಕಾದಷ್ಟಿರುವ ಊರು ಅದು. ಗರ್ಭಕೋಶ ಕೊಟ್ಟದ್ದು ಅವಳ ತಾಯಿ. ಮರುದಿನವೇ ಗುಜರಾತಿನ ಇನ್ನೊಬ್ಬ ಹೆಣ್ಣುಮಗಳಿಗೂ ಕಸಿ ನಡೆಯಿತು, ಅಲ್ಲೂ ಕೊಟ್ಟದ್ದು ತಾಯಿಯೇ. ಇದು ಹಗುರ ಚಿಕಿತ್ಸೆಯಲ್ಲ. ದೇಹ ಹೊರಗಿನ ಅಂಗವನ್ನು ತಳ್ಳಿಹಾಕದಂತೆ ತಡೆಯುವ ಔಷಧಿ ದಿನವೂ ಬೇಕು, ಭ್ರೂಣವನ್ನು ಐವಿಎಫ್ ಮೂಲಕವೇ ಇಡಬೇಕು, ಹೆರಿಗೆ ಸಿಸೇರಿಯನ್ ಆಗಲೇಬೇಕು. ಖರ್ಚು, ನೋವು, ಅಪಾಯ ಮೂರನ್ನೂ ನೋಡಿದರೆ ಎಲ್ಲರಿಗೂ ಇದು ಬೇಕೇ ಎಂಬ ಪ್ರಶ್ನೆ ನನಗೂ ಇದೆ. ದತ್ತು ತೆಗೆದುಕೊಳ್ಳುವ ದಾರಿಯನ್ನು ಚಿಕ್ಕದೆಂದು ನಾನು ಎಣಿಸುವುದಿಲ್ಲ.

ಆದರೂ ನಡೆದದ್ದು ಇಷ್ಟು. 2018ರ ಅಕ್ಟೋಬರ್ 18ರಂದು, ದುರ್ಗಾ ಹುಟ್ಟಿ ನಲವತ್ತು ವರ್ಷ ತುಂಬಿದ ಅದೇ ತಿಂಗಳು, ಅದೇ ನವರಾತ್ರಿಯ ದಿನಗಳು, ಗುಜರಾತಿನ ಆ ತಾಯಿಗೆ ಪುಣೆಯಲ್ಲಿ ಹೆಣ್ಣು ಮಗು ಹುಟ್ಟಿತು. 1.45 ಕಿಲೋ ತೂಕ. ತಾಯಿ ಹುಟ್ಟಿದ ಗರ್ಭಕೋಶದಲ್ಲೇ ಮಗಳೂ ಬೆಳೆದಿದ್ದಳು. ಅಜ್ಜಿ, ತಾಯಿ, ಮಗು ಮೂವರ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಮುಚ್ಚಿಡಿ ಎಂದು ಆ ಮನೆಯವರು ವೈದ್ಯರನ್ನು ಕೇಳಿಕೊಳ್ಳಲಿಲ್ಲ.

ನಮ್ಮ ಮಾತುಕತೆಯ ಡಬ್ಬಿ ಇನ್ನೂ ನನ್ನ ಮನೆಯಲ್ಲೇ ಇದೆ. ಸಮಯ ಸಾಲದೆ ಓದದೇ ಉಳಿದ ಚೀಟಿಗಳು ಹನ್ನೊಂದು. ಮುಂದಿನ ಸಲ ವೈದ್ಯೆಯರು ಬಂದಾಗ ಅವುಗಳಿಂದಲೇ ಶುರು ಮಾಡೋಣ ಎಂದು ಕಾರ್ಯದರ್ಶಿಯವರಿಗೆ ಹೇಳಿದ್ದೇನೆ. ಮೊದಲ ಚೀಟಿ ಯಾರದ್ದೆಂದು ನನಗೆ ಗೊತ್ತು; ಅಂದು ಸಭೆ ಮುಗಿದ ಮೇಲೆ ಬಂದು, "ಅದು ನಂದೇರೀ, ಮುಂದಿನ ಸಲ ನಾನೇ ಎದ್ದು ಕೇಳ್ತೀನಿ" ಎಂದು ಹೇಳಿ ಹೋಗಿದ್ದಾರೆ.