ಹೆಲ್ಮೆಟ್ಟಿನ ಚರಿತ್ರೆ ಮತ್ತು ಸವಾರನ ಆಯ್ಕೆಯ ಹಕ್ಕು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೋಟಾರ್ ಸೈಕಲ್ ರಸ್ತೆಗಿಳಿಯಿತಾದರೂ, ಅದರ ಸಾಮಾನ್ಯ ಸವಾರನಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿದ ಮೊದಲ ಕಾನೂನು ಬಂದದ್ದು 1961ರಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ. ಈ ಎರಡರ ನಡುವಿನ ದೀರ್ಘ ಅವಧಿಯಲ್ಲಿ ತಲೆಗೆ ಏನು ಧರಿಸಬೇಕು, ಧರಿಸಬೇಕೋ ಬೇಡವೋ ಎಂಬುದು ಸವಾರನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಆ ಇಚ್ಛೆಯ ಮೇಲೆ ಪ್ರಭುತ್ವ ಕೈಯಿಟ್ಟ ಮೇಲೆ ಹುಟ್ಟಿದ ವಾಗ್ವಾದ ನ್ಯಾಯಾಲಯಗಳನ್ನೂ ಸಂಸತ್ತುಗಳನ್ನೂ ಸೆರೆಮನೆಯನ್ನೂ ಮುಟ್ಟಿ ಬಂದಿದ್ದು, ಕೆಲವು ದೇಶಗಳಲ್ಲಿ ಇನ್ನೂ ಮುಗಿದಿಲ್ಲ. ಹೆಲ್ಮೆಟ್ಟಿನ ಚರಿತ್ರೆಯಲ್ಲಿ ವೈದ್ಯರು ಮತ್ತು ಎಂಜಿನಿಯರುಗಳು ಕಂಡುಕೊಂಡ ಸತ್ಯದ ಎಳೆಯೊಂದಿದೆ, ವ್ಯಕ್ತಿಯ ಸ್ವಾತಂತ್ರ್ಯದ ಮೇರೆ ಎಲ್ಲಿಯವರೆಗೆ ಎಂಬ ಪ್ರಶ್ನೆಯ ಎಳೆಯೊಂದಿದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಇಂದಿನ ಭಾರತದ ಸ್ಥಿತಿ ಅರ್ಥವಾಗುತ್ತದೆ.

ಮೊದಲ ಎಳೆ ಆರಂಭವಾಗುವುದು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಮೈದಾನದಲ್ಲಿ. ಅಲ್ಲಿನ ವೈದ್ಯಾಧಿಕಾರಿ ಎರಿಕ್ ಗಾರ್ಡನರ್ 1914ರ ಆರಂಭದಲ್ಲಿ, ಸುಮಾರು ಹದಿನೈದು ದಿನಕ್ಕೊಬ್ಬನಂತೆ ತಲೆಗೆ ಪೆಟ್ಟು ಬಿದ್ದ ಸವಾರ ತಮ್ಮ ಬಳಿ ಬರುತ್ತಿರುವುದನ್ನು ಗಮನಿಸಿ, ಲಂಡನ್ನಿನ ಬೆಥ್ನಾಲ್ ಗ್ರೀನ್ ಪ್ರದೇಶದ ಕುಶಲಕರ್ಮಿಯೊಬ್ಬನಿಂದ ಕ್ಯಾನ್ವಾಸ್ ಬಟ್ಟೆಗೆ ಅರಗು ಲೇಪಿಸಿದ ಗಟ್ಟಿ ಟೋಪಿಗಳನ್ನು ಮಾಡಿಸಿದರು. ಭಾರೀ ಹೊಡೆತವನ್ನು ತಾಳುವಷ್ಟು ಬಿಗಿಯಾಗಿಯೂ, ಎದುರಿಗೆ ಚಾಚಿಕೊಂಡ ವಸ್ತುವಿಗೆ ತಾಗಿದರೆ ಜಾರಿಹೋಗುವಷ್ಟು ನುಣುಪಾಗಿಯೂ ಅದು ಇರಬೇಕೆಂಬುದು ಅವರ ಎಣಿಕೆಯಾಗಿತ್ತು. ಸ್ಪರ್ಧೆಗಳನ್ನು ನಡೆಸುತ್ತಿದ್ದ ಆಟೋ ಸೈಕಲ್ ಯೂನಿಯನ್ ಮೊದಲು ಇದನ್ನು ತಿರಸ್ಕರಿಸಿತಾದರೂ, ಕೊನೆಗೆ ಒಪ್ಪಿ ಆ ವರ್ಷದ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ ಎಲ್ಲರಿಗೂ ಕಡ್ಡಾಯ ಮಾಡಿತು. ಪ್ರತಿ ವರ್ಷ ರೇಸು ಮುಗಿದ ಮೇಲೆ ಮೆದುಳಿಗೆ ಆಘಾತವಾದ ಹಲವು ರೋಗಿಗಳನ್ನು ಕಾಣುತ್ತಿದ್ದ ಆ ದ್ವೀಪದ ವೈದ್ಯರು, 1914ರಲ್ಲಿ ಅಂಥ ಒಂದು ಪ್ರಕರಣವೂ ಬರಲಿಲ್ಲವೆಂದು ಗಾರ್ಡನರ್‌ಗೆ ಬರೆದು ತಿಳಿಸಿದರು. ಇಷ್ಟಾದರೂ ಹೆಲ್ಮೆಟ್ ರೇಸಿನವರ ಉಡುಪಾಗಿಯೇ ಉಳಿಯಿತು. ರಸ್ತೆಯ ಸವಾರ ಬಟ್ಟೆಯ ಟೋಪಿಯಲ್ಲೋ ಬರಿದಲೆಯಲ್ಲೋ ಓಡಾಡುತ್ತಿದ್ದ.

ಎರಡು ದಶಕಗಳ ಬಳಿಕ, 1935ರ ಮೇ 13ರಂದು, ಅರೇಬಿಯಾದ ಯುದ್ಧಸಾಹಸಗಳಿಂದ ಹೆಸರಾಗಿದ್ದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ತಮ್ಮ ಮನೆಯ ಸಮೀಪದ ರಸ್ತೆಯಲ್ಲಿ, ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬ್ರೋ ಸುಪೀರಿಯರ್ ಬೈಕಿನಿಂದ ಎಸೆಯಲ್ಪಟ್ಟರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಆರು ದಿನ ಪ್ರಜ್ಞೆ ಮರಳದೆ, 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರನ್ನು ನೋಡಲು ಕರೆಸಿದ್ದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಎರಡನೆಯ ಮಹಾಯುದ್ಧ ಆರಂಭವಾಗಿ, ಸಂದೇಶ ಒಯ್ಯುವ ಸೈನಿಕರು ದೀಪವಿಲ್ಲದ ರಾತ್ರಿಗಳಲ್ಲಿ ಬೈಕು ಓಡಿಸತೊಡಗಿದಾಗ ಕೇರ್ನ್ಸ್ ಈ ಸಾವುಗಳ ಲೆಕ್ಕ ಹಿಡಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ 2,279 ಬೈಕ್ ಸವಾರರು ಮತ್ತು ಹಿಂಬದಿ ಸವಾರರು ಸತ್ತರೆಂದೂ, ಹೆಲ್ಮೆಟ್ ಧರಿಸಿದ್ದು ಅಪಘಾತಕ್ಕೀಡಾದ ಕೇವಲ ಏಳು ಮಂದಿಯನ್ನು ತಾವು ಕಂಡಿದ್ದು, ಅವರೆಲ್ಲರೂ ಬದುಕುಳಿದರೆಂದೂ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಬರೆದರು. ಏಳು ಪ್ರಕರಣಗಳು ತೀರ ಕಡಿಮೆ ಎಂಬುದು ನಿಜ. ಆದರೆ ಆ ಏಳೂ ಒಂದೇ ಕಡೆಗೆ ಬೆರಳು ತೋರುತ್ತಿದ್ದವು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಕರ್ತವ್ಯದ ಮೇಲಿರುವ ತನ್ನ ಎಲ್ಲ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಹೆಲ್ಮೆಟ್ ಏಕೆ ಜೀವ ಉಳಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕೇರ್ನ್ಸ್ ಅವರ ಸಹೋದ್ಯೋಗಿ, ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬೋರ್ನ್ ಪ್ರಮುಖರು. ಮೆದುಳಿನಷ್ಟೇ ಮೆದುವಾದ ಜೆಲಟಿನ್ ಮಾದರಿಗಳನ್ನು ಮೇಣದ ತಲೆಬುರುಡೆಯೊಳಗಿಟ್ಟು ತಿರುಗಿಸಿ ಪರೀಕ್ಷಿಸಿದ ಅವರು, ಬುರುಡೆ ಒಡೆಯುವುದಷ್ಟೇ ಅಪಾಯವಲ್ಲ, ತಲೆ ಹಠಾತ್ತನೆ ಗಿರಕಿ ಹೊಡೆದಾಗ ಒಳಗಿನ ಮೆದುಳು ತಿರುಚಿಕೊಂಡು ಅದರ ಎಳೆಗಳು ಹರಿಯುವುದೂ ಅಷ್ಟೇ ಅಪಾಯಕಾರಿ ಎಂದು 1943ರಲ್ಲಿ ತೋರಿಸಿದರು. ಹೊರಗೆ ಗಾಯವೇ ಕಾಣದ ಸವಾರ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗುವುದಕ್ಕೆ ಇದೇ ಕಾರಣ. ಗಟ್ಟಿ ಟೋಪಿ ಬುರುಡೆಯನ್ನು ಕಾಯಬಹುದೇ ಹೊರತು ಮೆದುಳು ಒಮ್ಮೆಲೇ ನಿಲ್ಲುವುದನ್ನು ತಡೆಯಲಾರದು. ಈ ಕೊರತೆಯನ್ನು ನೀಗಿಸಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೊಂಬಾರ್ಡ್ ಮತ್ತು ಅವರ ಸಂಗಡಿಗ ರೂಪಿಸಿ, 1953ರಲ್ಲಿ ಪೇಟೆಂಟ್ ಪಡೆದ ಹೆಲ್ಮೆಟ್. ಅದರ ತತ್ತ್ವ ಇಂದಿಗೂ ಬದಲಾಗಿಲ್ಲ: ಹೊರಗಿನ ಗಟ್ಟಿ ಚಿಪ್ಪು ಹೊಡೆತವನ್ನು ಅಗಲವಾಗಿ ಹರಡುತ್ತದೆ, ಒಳಗಿನ ದಪ್ಪ ಪದರ, ಅಂದರೆ ಈಗಿನ ಹೆಲ್ಮೆಟ್ಟುಗಳಲ್ಲಿರುವ ಥರ್ಮಾಕೋಲ್ ಜಾತಿಯ ಪದರ, ತಾನು ಜಜ್ಜಿಹೋಗುತ್ತ ಹೊಡೆತದ ಬಲವನ್ನು ನುಂಗಿ, ತಲೆ ನಿಲ್ಲುವುದಕ್ಕೆ ಕೆಲವು ಮಿಲಿಸೆಕೆಂಡುಗಳ ಹೆಚ್ಚಿನ ಸಮಯ ಕೊಡುತ್ತದೆ. ಜಜ್ಜಿದ ಪದರ ಮತ್ತೆ ಹಿಗ್ಗುವುದಿಲ್ಲವಾದ್ದರಿಂದ, ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರನೋಟಕ್ಕೆ ಚೆನ್ನಾಗಿದ್ದರೂ ಮತ್ತೆ ಬಳಸುವಂಥದ್ದಲ್ಲ. 1956ರಲ್ಲಿ ರೇಸಿನ ಅಪಘಾತದಲ್ಲಿ ಸತ್ತ ಪೀಟ್ ಸ್ನೆಲ್ ಅವರ ನೆನಪಿಗೆ ಮರುವರ್ಷ ಅಮೆರಿಕದಲ್ಲಿ ಸ್ನೆಲ್ ಪ್ರತಿಷ್ಠಾನ ಹುಟ್ಟಿ, ಹೆಲ್ಮೆಟ್ಟುಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿ ಮಾನದಂಡ ನಿಗದಿಪಡಿಸುವ ಕೆಲಸಕ್ಕೆ ತೊಡಗಿತು.

ಜ್ಞಾನ ಗಟ್ಟಿಯಾದಂತೆ ಕಾನೂನು ಹಿಂಬಾಲಿಸಿತು, ಕಾನೂನಿನ ಬೆನ್ನಿಗೇ ಪ್ರತಿರೋಧವೂ ಬಂತು. ಬ್ರಿಟನ್ನಿನಲ್ಲಿ 1973ರ ಜೂನ್ 1ರಿಂದ ಹೆಲ್ಮೆಟ್ ಕಡ್ಡಾಯವಾದಾಗ ಅದನ್ನು ಎರಡು ಬಗೆಯ ಜನ ವಿರೋಧಿಸಿದರು. ಪೇಟ ತೆಗೆಯುವುದು ಧರ್ಮಕ್ಕೆ ವಿರುದ್ಧವೆಂದು ಹೇಳಿದ ಸಿಖ್ಖರು, ಎರಡು ಮಹಾಯುದ್ಧಗಳಲ್ಲಿ ಪೇಟ ತೊಟ್ಟೇ ಬ್ರಿಟನ್ನಿನ ಪರ ಹೋರಾಡಿದ ತಮ್ಮ ಸಮುದಾಯದ ಸೈನಿಕರನ್ನು ನೆನಪಿಸಿದರು. ಅವರ ಹೋರಾಟದ ಫಲವಾಗಿ 1976ರಲ್ಲಿ ಪೇಟಧಾರಿ ಸಿಖ್ಖರಿಗೆ ವಿನಾಯಿತಿ ನೀಡುವ ಕಾಯಿದೆ ಬಂತು. ಇನ್ನೊಂದು ಗುಂಪಿಗೆ ಧರ್ಮದ ಆಧಾರ ಬೇಕಿರಲಿಲ್ಲ. ನಿವೃತ್ತ ಗಣಿತ ಶಿಕ್ಷಕ ಫ್ರೆಡ್ ಹಿಲ್, ವಯಸ್ಕನೊಬ್ಬ ತನ್ನ ತಲೆಯ ಬಗ್ಗೆ ತಾನೇ ತೀರ್ಮಾನಿಸಬೇಕೆಂಬ ನಿಲುವಿಗೆ ಅಂಟಿಕೊಂಡು, ಹೆಲ್ಮೆಟ್ ಇಲ್ಲದೆ ಓಡಾಡಿ, ದಂಡ ಕಟ್ಟಲು ನಿರಾಕರಿಸಿ ಮತ್ತೆ ಮತ್ತೆ ಜೈಲಿಗೆ ಹೋದರು. 1984ರ ಫೆಬ್ರುವರಿಯಲ್ಲಿ, 74ನೆಯ ವಯಸ್ಸಿನಲ್ಲಿ, ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆಯಲ್ಲಿ ಅವರು ಶಿಕ್ಷೆ ಅನುಭವಿಸುತ್ತಿರುವಾಗಲೇ ತೀರಿಕೊಂಡರು. ಅವರ ವಾದವನ್ನು ಒಪ್ಪದವರೂ ಅವರ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾರರು.

ಅಮೆರಿಕದಲ್ಲಿ ಈ ಜಗಳ ಇನ್ನೂ ದೊಡ್ಡದಾಯಿತು. 1966ರ ಹೆದ್ದಾರಿ ಸುರಕ್ಷತಾ ಕಾಯಿದೆಯ ಬಲದಿಂದ, ಹೆಲ್ಮೆಟ್ ಕಾನೂನು ಮಾಡದ ರಾಜ್ಯಗಳಿಗೆ ರಸ್ತೆ ಅನುದಾನ ಕಡಿತಗೊಳಿಸುವುದಾಗಿ ಕೇಂದ್ರ ಸರ್ಕಾರ ಎಚ್ಚರಿಸಿದ್ದರಿಂದ, ಒಂದು ದಶಕದೊಳಗೆ ಬಹುತೇಕ ಎಲ್ಲ ರಾಜ್ಯಗಳೂ ಮಣಿದವು. ಸವಾರರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ವ್ಯಕ್ತಿಯನ್ನು ಅವನಿಂದಲೇ ಕಾಪಾಡಲು ಹೊರಟ ಕಾನೂನು ಪ್ರಭುತ್ವದ ಅಧಿಕಾರವನ್ನು ಮೀರುತ್ತದೆಂದು ಮಿಷಿಗನ್ ಮೇಲ್ಮನವಿ ನ್ಯಾಯಾಲಯ 1968ರಲ್ಲಿ ತೀರ್ಪು ನೀಡಿದರೆ, 1972ರಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯ ಅದಕ್ಕೆ ವಿರುದ್ಧ ದಿಕ್ಕು ಹಿಡಿಯಿತು: ಗಾಯಗೊಂಡ ಸವಾರನನ್ನು ರಸ್ತೆಯಿಂದ ಎತ್ತುವುದೂ, ಸಾರ್ವಜನಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸುವುದೂ, ಅವನು ಅಂಗವಿಕಲನಾದರೆ ಕುಟುಂಬವನ್ನು ಸಾಕುವುದೂ ಸಮಾಜದ ಹೊಣೆಯಾಗುವಾಗ, ಆ ಪೆಟ್ಟು ಅವನೊಬ್ಬನದೇ ಎನ್ನುವುದು ಹೇಗೆ ಎಂಬುದು ಅದರ ಪ್ರಶ್ನೆ. ನ್ಯಾಯಾಲಯದಲ್ಲಿ ಸೋತ ಸವಾರರು ರಾಜಕೀಯದಲ್ಲಿ ಗೆದ್ದರು. 1976ರಲ್ಲಿ ಸಂಸತ್ತು ಅನುದಾನ ಕಡಿತದ ಅಧಿಕಾರವನ್ನು ತೆಗೆದುಹಾಕಿತು, ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಕಾನೂನನ್ನು ರದ್ದುಪಡಿಸಿದವು ಇಲ್ಲವೇ ಸಡಿಲಿಸಿದವು. 2000ದಲ್ಲಿ ಫ್ಲಾರಿಡಾ ಒಂದು ನಡುದಾರಿ ಹಿಡಿದು, 21 ವರ್ಷ ದಾಟಿದ, ಕನಿಷ್ಠ 10,000 ಡಾಲರ್ ವೈದ್ಯಕೀಯ ವಿಮೆಯುಳ್ಳ ಸವಾರ ಹೆಲ್ಮೆಟ್ ಬಿಡಬಹುದೆಂದಿತು. ಆಯ್ಕೆಯ ಬೆಲೆಯನ್ನು ಆಯ್ದವನೇ ತೆರಲಿ ಎಂಬ ಈ ತರ್ಕದಲ್ಲಿ ಪ್ರಾಮಾಣಿಕತೆಯಿದೆಯಾದರೂ, ಮೆದುಳಿನ ಗಂಭೀರ ಗಾಯದ ಚಿಕಿತ್ಸೆಗೆ ಆ ಮೊತ್ತ ಯಾವ ಮೂಲೆಗೂ ಸಾಲದು. ಕಾನೂನು ಸಡಿಲಿಸಿದ ಬಳಿಕ ಅಲ್ಲಿ ಹೆಲ್ಮೆಟ್ ಬಳಕೆ ಇಳಿದು, ಸವಾರರ ಸಾವು ಏರಿತು.

ಸ್ವಾತಂತ್ರ್ಯವಾದಿ ಸವಾರರ ತಾತ್ತ್ವಿಕ ಆಸರೆ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ' ಗ್ರಂಥ. ಪರರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಸಮಾಜ ವ್ಯಕ್ತಿಯ ಮೇಲೆ ಬಲ ಪ್ರಯೋಗಿಸಬಹುದು, ಅವನ ಸ್ವಂತ ಒಳಿತು ಅದಕ್ಕೆ ಸಾಕಷ್ಟು ಕಾರಣವಲ್ಲ ಎಂಬುದು ಅದರ ಮುಖ್ಯ ಪ್ರತಿಪಾದನೆ. ಆದರೆ ಅದೇ ಮಿಲ್, ವ್ಯಕ್ತಿಯ ನಡತೆಯಿಂದ ಇನ್ನೊಬ್ಬರಿಗೆ ಅವನು ಸಲ್ಲಿಸಬೇಕಾದ ನಿರ್ದಿಷ್ಟ ಹೊಣೆ ಮುರಿದುಬಿದ್ದರೆ, ಆ ನಡತೆ ಅವನ ಸ್ವಂತ ವಿಷಯವಾಗಿ ಉಳಿಯುವುದಿಲ್ಲವೆಂದೂ ಒಪ್ಪಿದ್ದರು. ಸವಾರರ ವಾದದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ ಇದು.

ಈ ವಾದ ಭಾರತಕ್ಕೆ ಬಂದದ್ದು ಬೇರೆಯೇ ಹಿನ್ನೆಲೆಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಬೈಕುಗಳನ್ನು ಹೊರತರುತ್ತಿದ್ದ ಕಾಲದಲ್ಲಿ ಹೆಲ್ಮೆಟ್ ಇಲ್ಲಿನ ರಸ್ತೆಗಳಲ್ಲಿ ಅಪರೂಪದ ವಸ್ತುವಾಗಿತ್ತು. 1977ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿ ಹೆಲ್ಮೆಟ್ಟಿನ ವಿಧಿಯನ್ನು ಸೇರಿಸಿತಾದರೂ ರಸ್ತೆಯ ಮೇಲೆ ಅದರ ಪರಿಣಾಮ ಬಹುಕಾಲ ಕಾಣಲಿಲ್ಲ. ಆಂಧ್ರಪ್ರದೇಶ ತನ್ನದೇ ನಿಯಮದ ಮೂಲಕ ಹೆಲ್ಮೆಟ್ ಕಡ್ಡಾಯಗೊಳಿಸಿದಾಗ, ಅದು ಸಂಚಾರ ಸ್ವಾತಂತ್ರ್ಯದ ಮೂಲಭೂತ ಹಕ್ಕಿಗೆ ಧಕ್ಕೆ ತರುತ್ತದೆಂದು ಅಜಯ್ ಕಾನು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ವಾದಿಸಲಾಯಿತು. ಸವಾರನ ಕ್ಷೇಮಕ್ಕಾಗಿಯೇ ಇರುವ ನಿಯಮ ಅವನ ಸಂಚಾರವನ್ನು ತಡೆಯುವುದಿಲ್ಲವೆಂದು ನ್ಯಾಯಾಲಯ 1988ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಅದೇ ವರ್ಷದ ಹೊಸ ಮೋಟಾರು ವಾಹನ ಕಾಯಿದೆಯ 129ನೆಯ ಸೆಕ್ಷನ್, ಪೇಟಧಾರಿ ಸಿಖ್ಖರನ್ನು ಬಿಟ್ಟು ಸವಾರ ಮತ್ತು ಹಿಂಬದಿ ಸವಾರ ಇಬ್ಬರಿಗೂ ಹೆಲ್ಮೆಟ್ ವಿಧಿಸಿತು. ಹೀಗೆ ಹಕ್ಕಿನ ಪ್ರಶ್ನೆ ಭಾರತದಲ್ಲಿ ಬೇಗ ಇತ್ಯರ್ಥವಾಯಿತು; ಪಾಲನೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ದೆಹಲಿಯಲ್ಲಿ 1990ರ ದಶಕದ ಕೊನೆಯಿಂದ ಎಲ್ಲ ಮಹಿಳೆಯರಿಗೂ ಇದ್ದ ವಿನಾಯಿತಿ, ಸಿಖ್ ಮಹಿಳೆಯರನ್ನು ಬಿಟ್ಟು ಉಳಿದವರಿಗೆ ರದ್ದಾದದ್ದು 2014ರಲ್ಲಿ. ಹಿಂಬದಿ ಸವಾರರ ಹೆಲ್ಮೆಟ್ಟನ್ನು ಕರ್ನಾಟಕ ನಿಜವಾಗಿ ಒತ್ತಾಯಿಸತೊಡಗಿದ್ದು 2016ರ ಜನವರಿಯಲ್ಲಿ, ಅಂದರೆ ಕಾಯಿದೆ ಬಂದು ಕಾಲು ಶತಮಾನ ಕಳೆದ ಮೇಲೆ. 2019ರ ತಿದ್ದುಪಡಿ 1,000 ರೂಪಾಯಿ ದಂಡವನ್ನೂ ಮೂರು ತಿಂಗಳ ಪರವಾನಗಿ ಅನರ್ಹತೆಯನ್ನೂ ವಿಧಿಸಿತು.

ಭಾರತದಲ್ಲಿ ಸವಾರನ ಆಯ್ಕೆಯ ಹಕ್ಕಿನ ಬಗ್ಗೆ ಮಾತಾಡುವಾಗ ಮುಖ್ಯವಾದೊಂದು ವ್ಯತ್ಯಾಸವನ್ನು ಮರೆಯಬಾರದು. ಅಮೆರಿಕದ ವಾದದ ಕೇಂದ್ರದಲ್ಲಿರುವವನು ಹೆದ್ದಾರಿಯಲ್ಲಿ ಖುಷಿಗಾಗಿ ಬೈಕ್ ಓಡಿಸುವ ಒಂಟಿ ವಯಸ್ಕ. ಇಲ್ಲಿ ದ್ವಿಚಕ್ರ ವಾಹನ ಸಂಸಾರದ ವಾಹನ. ಗಂಡ ಓಡಿಸುವಾಗ ಹಿಂದೆ ಹೆಂಡತಿ, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಮಗು. ಹಲವು ಮನೆಗಳಲ್ಲಿ ಇರುವ ಒಂದೇ ಹೆಲ್ಮೆಟ್ ಓಡಿಸುವವನ ತಲೆಯ ಮೇಲಿರುತ್ತದೆ, ಉಳಿದವರು ಆಯ್ಕೆ ಮಾಡಿದವರೇ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಮಂದಿ ಹಿಂಬದಿ ಸವಾರರು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ದೂರದ ಜಿಲ್ಲೆಗಳಿಂದ ಬರುವ ತಲೆಪೆಟ್ಟಿನ ರೋಗಿಗಳ ಹಿಂದೆ, ಒಡವೆ ಅಡವಿಟ್ಟು, ಹೊಲ ಮಾರಿ ಬಂದ ಮನೆಯವರಿರುತ್ತಾರೆ. ಮಿಲ್ ಹೇಳಿದ ನಿರ್ದಿಷ್ಟ ಹೊಣೆ ಇದೇ. ಹಾಗಾಗಿ ಹೆಲ್ಮೆಟ್ ಬಿಡುವುದು ನನ್ನ ಸ್ವಂತ ವಿಷಯವೆಂಬ ಮಾತು ಈ ನೆಲದಲ್ಲಿ ನಿಲ್ಲುವುದಿಲ್ಲ.

ಆದರೆ ಕಡ್ಡಾಯ ಮಾಡುವ ಪ್ರಭುತ್ವಕ್ಕೂ ಒಂದು ಹೊಣೆಯಿದೆ, ಅದನ್ನು ಅದು ತಡವಾಗಿ ನೆನೆದಿದೆ. ದಂಡ ತಪ್ಪಿಸಿಕೊಳ್ಳಲೆಂದೇ ಕೊಳ್ಳುವ, ಕಿವಿಯ ಮೇಲಕ್ಕೇ ನಿಲ್ಲುವ ಅರ್ಧ ಹೆಲ್ಮೆಟ್ಟುಗಳು ರಸ್ತೆಬದಿಯಲ್ಲಿ ದಶಕಗಳ ಕಾಲ ಎಗ್ಗಿಲ್ಲದೆ ಮಾರಾಟವಾದವು. ಇಂಥ ಅಗ್ಗದ ಟೋಪಿಯೊಳಗೆ ಕೈ ಹಾಕಿ ನೋಡಿದರೆ ಹೊಡೆತ ನುಂಗುವ ದಪ್ಪ ಪದರದ ಜಾಗದಲ್ಲಿ ತೆಳು ಸ್ಪಂಜಿನ ಚೂರು ಸಿಗುತ್ತದೆ. ಐಎಸ್ಐ ಗುರುತಿಲ್ಲದ ಹೆಲ್ಮೆಟ್ ತಯಾರಿಕೆ ಮತ್ತು ಮಾರಾಟಕ್ಕೆ ದೇಶಾದ್ಯಂತ ನಿಷೇಧ ಜಾರಿಯಾದದ್ದು 2021ರ ಜೂನ್ 1ರಂದು. ಐಎಸ್ 4151 ಎಂಬುದು ಆ ಗುರುತಿನ ಹಿಂದಿರುವ ಮಾನದಂಡದ ಸಂಖ್ಯೆ. ನಿಷೇಧದ ಬಳಿಕವೂ ನಕಲಿ ಸರಕು ಪೂರ್ತಿ ಮರೆಯಾಗಿಲ್ಲ. ಸರಿಯಾದ ವಸ್ತು ಕೈಗೆಟಕುವ ಬೆಲೆಗೆ ಸಿಗದೆ ಹೋದರೆ, ಕಾನೂನು ಬಡ ಸವಾರನಿಂದ ದಂಡ ಕೀಳುವ ಸಾಧನವಾಗುತ್ತದೆಯೇ ಹೊರತು ಅವನ ತಲೆ ಕಾಯುವುದಿಲ್ಲ.

ಸವಾರನ ಸ್ವಾತಂತ್ರ್ಯಕ್ಕೆ ಇನ್ನೂ ವಿಶಾಲವಾದ ಜಾಗವಿದೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟೋ ಮುಂಭಾಗ ತೆರೆದದ್ದೋ, ಚರ್ಮದ ಜಾಕೆಟ್ಟೋ ಜಾಲರಿ ಬಟ್ಟೆಯದ್ದೋ, ಕೈಗವಸು, ಬೂಟು, ಮೊಣಕಾಲಿನ ಕವಚ ಬೇಕೋ ಬೇಡವೋ ಎಂಬುದೆಲ್ಲ ಬಹುತೇಕ ದೇಶಗಳಂತೆ ಇಲ್ಲಿಯೂ ಅವನಿಗೇ ಬಿಟ್ಟದ್ದು. 2016ರಿಂದ ಕೈಗವಸನ್ನೂ ಕಡ್ಡಾಯ ಮಾಡಿರುವ ಫ್ರಾನ್ಸಿನಂಥ ದೇಶಗಳು ಕಡಿಮೆ. ಚರ್ಮ ತರಚಿದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ಹರಿದ ಮೆದುಳಿನ ಎಳೆಗಳು ಕೂಡುವುದಿಲ್ಲ. ತಲೆಯ ವಿಷಯದಲ್ಲಿ ಮಾತ್ರ ಪ್ರಭುತ್ವ ಒತ್ತಾಯಕ್ಕೆ ಇಳಿದಿರುವುದಕ್ಕೆ ಈ ವ್ಯತ್ಯಾಸವೇ ಸಮರ್ಥನೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಅಪಘಾತಕ್ಕೀಡಾದ ಸವಾರ ಸಾಯುವ ಸಂಭವವನ್ನು ಹೆಲ್ಮೆಟ್ ಶೇಕಡ 42ರಷ್ಟು, ತಲೆಗೆ ಗಾಯವಾಗುವ ಸಂಭವವನ್ನು ಶೇಕಡ 69ರಷ್ಟು ತಗ್ಗಿಸುತ್ತದೆ. ಆ ಲಾಭ ಸಿಗಬೇಕಾದರೆ ಹೆಲ್ಮೆಟ್ಟಿಗೆ ಐಎಸ್ಐ ಗುರುತಿರಬೇಕು, ಅಳತೆ ತಲೆಗೆ ಕೂಡಬೇಕು, ಗಲ್ಲದ ಪಟ್ಟಿ ಬಿಗಿದಿರಬೇಕು, ಮತ್ತು ವಾಹನದ ಮೇಲೆ ಎಷ್ಟು ತಲೆಗಳಿವೆಯೋ ಅಷ್ಟು ಹೆಲ್ಮೆಟ್ಟುಗಳಿರಬೇಕು.